ಹೊಕ್ಕುಳ ಬಲಗಡೆ

ಸುಂಕದಕಟ್ಟೆ
14 ಜೂನ್ 2008

ಅಕ್ಕನಿಗೆ ಮೋಹನ ಮಾಡುವ ನಮಸ್ಕಾರಗಳು.

ಕಾಗದದ ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಬರೆದಿದ್ದೇನೆ ಅಂದುಕೋ. ಸುಳ್ಳು ಬರೆಯುವುದಕ್ಕೂ ಮೈಯಲ್ಲಿ ಸ್ವಲ್ಪ ಶಕ್ತಿ ಬೇಕು.

ನಿನ್ನ ಕಿವಿ ಸರಿಯಾಗಿದ್ದಿದ್ದರೆ ಭಾವನ ಮೊಬೈಲಿಗೆ ಫೋನ್ ಮಾಡಿ ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ. ಹೋದ ಸಲ ಕೂಗಿ ಕೂಗಿ ಹೇಳಿದ್ದಕ್ಕೆ ನಮ್ಮ ಬೀದಿಯವರಿಗೆಲ್ಲ ನನ್ನ ಹೊಟ್ಟೆಯ ಸಮಾಚಾರ ತಿಳಿಯಿತು, ನಿನಗೊಬ್ಬಳಿಗೆ ತಿಳಿಯಲಿಲ್ಲ. ಆದ್ದರಿಂದ ಕಾಗದವೇ ಗತಿ.

ಹೊಟ್ಟೆ ಮತ್ತೆ ಶುರುವಾಗಿದೆ. ಊಟ ಮಾಡಿದ ಸ್ವಲ್ಪ ಹೊತ್ತಿಗೆ ಬಲಗಡೆ ಗಂಟು ಕಟ್ಟಿದ ಹಾಗೆ ಹಿಡಿದುಕೊಳ್ಳುತ್ತದೆ, ಆಮೇಲೆ ವಾಂತಿ, ಆಮೇಲೆ ಓಡಾಟ. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದುಕೊಂಡು ಓಡುವುದಾದರೂ ಎಲ್ಲಿಗೆ? ಮಾರ್ಕೆಟ್ಟಿನಿಂದ ಬ್ಯಾಡರಹಳ್ಳಿಯವರೆಗೆ ಮಾಗಡಿ ರಸ್ತೆಯಲ್ಲಿ ಎಲ್ಲೆಲ್ಲಿ ಕಕ್ಕಸಿದೆ, ಯಾವುದಕ್ಕೆ ಬಾಗಿಲಿದೆ, ಯಾವುದಕ್ಕೆ ಇಲ್ಲ ಎಂದು ನನ್ನನ್ನು ಕೇಳು. ನಮ್ಮ ಡ್ರೈವರ್ ಚಿಕ್ಕಹನುಮಯ್ಯ ನನ್ನ ಮುಖ ಕನ್ನಡಿಯಲ್ಲಿ ನೋಡಿದ ಕೂಡಲೇ ಪೆಟ್ರೋಲ್ ಬಂಕಿನ ಪಕ್ಕ ಬಸ್ ನಿಲ್ಲಿಸಿಬಿಡುತ್ತಾನೆ. ಪ್ಯಾಸೆಂಜರುಗಳು "ಏನ್ ಸಾರ್, ಕಂಡಕ್ಟ್ರೇ ಇಳ್ದು ಹೋದ್ರೆ ನಾವೇನ್ ಮಾಡೋದು?" ಎಂದು ರೇಗಿದರೆ, ಆತ ಸೀಟಿನಿಂದ ಏಳದೆ, "ಸುಮ್ನೆ ಕೂತ್ಕೊಳ್ರೀ, ಇಂಜಿನ್ ಬಿಸಿಯಾಗೈತೆ" ಅನ್ನುತ್ತಾನೆ. ನನ್ನ ಮಾನ ಉಳಿಸಲು ದಿನಾ ಇಂಜಿನ್ನಿನ ಮಾನ ಕಳೆಯುತ್ತಾನೆ.

ನಿನಗೆ ಗೊತ್ತಿರುವುದೇ. ಮೊದಲು ಕರುಳಿನ ಟಿಬಿ ಎಂದರು, ತಿಂಗಳುಗಟ್ಟಲೆ ಆ ಮಾತ್ರೆ ನುಂಗಿದೆ. ಆಮೇಲೆ ಅದಲ್ಲ, ಕ್ರೋನ್ಸ್ ಎಂಬ ಕರುಳಿನ ಬಾವಿನ ಕಾಯಿಲೆ ಎಂದರು. ಸ್ಟೆರಾಯ್ಡ್ ನುಂಗಿ ಮುಖ ಊದಿಸಿಕೊಂಡು ಓಡಾಡಿದೆ. ಈಗ ರಾಜಾಜಿನಗರದ ಆಸ್ಪತ್ರೆಯಲ್ಲಿ ಶ್ಯಾಮಸುಂದರ ಎಂಬ ಹೊಟ್ಟೆ ಡಾಕ್ಟರ್ ನೋಡುತ್ತಿದ್ದಾರೆ. ಅವರು ಹೇಳಿದ್ದು ಇಷ್ಟು: "ನಿಮ್ಮ ಸಣ್ಣ ಕರುಳು ಒಂದ್ ಕಡೆ ಕಿರಿದಾಗಿದೆ ಮೋಹನ್. ಬಾವು ಬಂದು ಕಿರಿದಾಗಿದ್ರೆ ಒಂದು ಹೊಸ ಇಂಜೆಕ್ಷನ್ ಇದೆ, ಡ್ರಿಪ್ಪಲ್ಲಿ ಕೊಡ್ತೀವಿ, ತೆರ್ಕೊಳ್ಳುತ್ತೆ. ಗಾಯ ಮಾಗಿ ಕಲೆ ಕಟ್ಟಿ ಕಿರಿದಾಗಿದ್ರೆ ಅದಕ್ಕೆ ಯಾವ ಔಷಧಿನೂ ನಾಟಲ್ಲ. ಕೊಯ್ದು ತೆಗೀಬೇಕು." ಮೊದಲೆಲ್ಲ ಇಂಜೆಕ್ಷನ್ ಕೊಟ್ಟೇ ನೋಡುತ್ತಿದ್ದರಂತೆ. ಈಗ ಕರುಳನ್ನು ಎಂಆರ್‌ಐ ಮಾಡಿ, ಔಷಧಿ ಹಿಡಿಯುತ್ತದೋ ಇಲ್ಲವೋ ಎಂದು ಮೊದಲೇ ಅಂದಾಜು ಹೇಳಬಹುದಂತೆ. ಮುಂದಿನ ತಿಂಗಳು ಬರಹೇಳಿದ್ದಾರೆ.

ಅಮ್ಮ ಮಾತ್ರ ಸ್ಕ್ಯಾನ್ ಆಗುವ ಮೊದಲೇ ತೀರ್ಪು ಕೊಟ್ಟಾಯಿತು. "ನನ್ ಮಗನ್ ಹೊಟ್ಟೆಗೆ ಕತ್ತಿ ಹಾಕ್ಸಲ್ಲ" ಎಂದು ಮುನೇಶ್ವರನ ಮುಂದೆ ನಿಂತು ಹೇಳಿ ಬಂದಿದ್ದಾಳೆ. ನಿಜ ಹೇಳಬೇಕೆಂದರೆ ನನಗೂ ಅದೇ ಭಯ. ಕೆಲವರಿಗೆ ಆಪರೇಷನ್ ಆದ ಮೇಲೆ ಮಲ ಬೀಳಲು ಹೊಟ್ಟೆಯ ಮೇಲೆ ಚೀಲ ಇಡುತ್ತಾರಂತೆ. ಹೆಗಲಿಗೆ ಒಂದು ಚೀಲ ಈಗಾಗಲೇ ಇದೆ, ಹೊಟ್ಟೆಗೂ ಒಂದು ಕಟ್ಟಿಕೊಂಡು ಯಾವ ಬಸ್ಸು ಹತ್ತಲಿ?

ಚೀಲದ ವಿಷಯ ಬಿಟ್ಟು ಉಳಿದದ್ದನ್ನು ಅಮ್ಮನಿಗೆ ಓದಿ ಹೇಳಿ ಪೋಸ್ಟ್ ಮಾಡುತ್ತಿದ್ದೇನೆ. ನಿನ್ನ ನಾದಿನಿ ರಮ್ಯ ನಿನ್ನನ್ನು ಕೇಳಿದಳು ಎಂದು ಬರೆಯಲು ಹೇಳಿದ್ದಾಳೆ.

ಇಂತು ನಿನ್ನ ತಮ್ಮ
ಮೋಹನ್ ಕುಮಾರ್


ಚಳ್ಳಕೆರೆ
23 ಜೂನ್ 2008

ಚಿರಂಜೀವಿ ಮೋಹನನಿಗೆ ನಿನ್ನ ಅಕ್ಕ ಗಂಗರತ್ನ ಮಾಡುವ ಆಶೀರ್ವಾದಗಳು.

ಕಾಗದ ಮುಟ್ಟಿತು. ಗಾಬರಿಯಾಗಬೇಡ ಎಂದು ನಾನು ಬರೆಯಲಾರೆ, ನಾನೇ ಗಾಬರಿಯಲ್ಲಿದ್ದೇನೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬಡಿಸುವಾಗ ನಿನ್ನ ಹೊಟ್ಟೆಯೇ ಕಣ್ಣ ಮುಂದೆ ಬರುತ್ತದೆ.

ಇಡೀ ದಿನ ಊರವರಿಗೆಲ್ಲ "ಮುಂದೆ ಹೋಗ್ರೀ, ಮುಂದೆ ಜಾಗ ಐತೆ" ಎನ್ನುವವನು ನೀನು. ನಿನ್ನ ಸರದಿ ಬಂದಾಗ ಮಾತ್ರ ಬಾಗಿಲ ಹತ್ತಿರವೇ ಜೋತುಬೀಳುತ್ತೀಯ. ಚೀಲದ ಮಾತು ಆಮೇಲೆ. ಮೊದಲು ಸ್ಕ್ಯಾನ್ ಮಾಡಿಸು. ಅದು ಏನು ಹೇಳುತ್ತದೋ ಅದರಂತೆ ನಡೆದುಕೋ. ಟಿಬಿ ಮಾತ್ರೆ ನುಂಗಿ ಒಂದು ವರ್ಷ ಕಳೆದೆಯಲ್ಲ, ಅಂಥದ್ದು ಇನ್ನೊಂದು ಸಲ ಬೇಡ ಕಣೋ. ನನಗೂ ಸಾಕಾಗಿದೆ. ಓದುವ ನನಗೇ ಹೀಗಾದರೆ ಅನುಭವಿಸುವ ನಿನಗೆ ಹೇಗಿರಬೇಡ.

ಸ್ಕ್ಯಾನಿಗೆ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗು. ಮನೆಯಲ್ಲಿ ಬಿಟ್ಟರೆ ಮುನೇಶ್ವರನಿಗೆ ಇನ್ನೂ ಏನೇನು ಮಾತು ಕೊಡುತ್ತಾಳೋ. ಡಾಕ್ಟರ ಬಾಯಿಂದಲೇ ಕೇಳಲಿ.

ಇಂತಿ ನಿನ್ನ ಅಕ್ಕ
ಗಂಗರತ್ನ


ಸುಂಕದಕಟ್ಟೆ
9 ಜುಲೈ 2008

ಅಕ್ಕನಿಗೆ ನಮಸ್ಕಾರ.

ಸ್ಕ್ಯಾನ್ ಮುಗಿಯಿತು. ಬಸವೇಶ್ವರನಗರದ ಸೆಂಟರಿನಲ್ಲಿ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹೋದ ಮೇಲೆ ಒಂದು ದೊಡ್ಡ ಜಗ್ಗಿನ ತುಂಬ ಸಿಹಿ ನೀರಿನಂಥದ್ದು ಕೊಟ್ಟು ಸ್ವಲ್ಪ ಸ್ವಲ್ಪವಾಗಿ ಅಷ್ಟನ್ನೂ ಕುಡಿಯಿರಿ ಎಂದರು. ಕರುಳು ತುಂಬಿ ಉಬ್ಬಿದರೆ ಚಿತ್ರ ಚೆನ್ನಾಗಿ ಬರುತ್ತದಂತೆ. ನನ್ನಂಥವನ ಹೊಟ್ಟೆ ತುಂಬಿಸಿ, ಕೊಳವೆಯೊಳಗೆ ತೂರಿಸಿ, ಅಲ್ಲಾಡಬೇಡ ಎನ್ನುವುದು ಎಂಥ ಶಿಕ್ಷೆ ಎಂದು ಕುಡಿಸಿದವರಿಗೆ ತಿಳಿಯದು. ಒಳಗೆ ಡಬಡಬ ಸದ್ದು. ಉಸಿರು ಎಳೆಯಿರಿ, ಹಿಡಿಯಿರಿ, ಬಿಡಿ ಎಂದು ಸ್ಪೀಕರಿನಲ್ಲಿ ಯಾರೋ ಹೇಳುತ್ತಲೇ ಇದ್ದರು. ಒಂದು ಹಂತದಲ್ಲಿ ಬಿಡಿ ಎನ್ನುವುದನ್ನೇ ಮರೆತರೇನೋ ಅನ್ನಿಸಿತು.

ಮೈಮೇಲೆ ಲೋಹ ಇರಬಾರದು ಎಂದು ಉಡಿದಾರದ ತಾಯತ ಬಿಚ್ಚಿಸಿದರು. ಅಮ್ಮನೇ ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡಳು. ಆಗ ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನನ್ನ ಹೊಕ್ಕುಳ ಸುತ್ತ ಇರುವ ಮೂರು ಬರೆ ನೋಡಿ, "ಇದೇನಿದು?" ಎಂದು ಕೇಳಿದರು. ಅಮ್ಮನಿಗೆ ಅಷ್ಟೇ ಬೇಕಾಗಿತ್ತು. ಅವಳ ಹಳೆಯ ಕಥೆ ನಿನಗೆ ಗೊತ್ತಲ್ಲ.

"ನಾನೇ ಹಾಕ್ಸಿದ್ದು ಕಣವ್ವ. ಬಾಣಂತನದ್ ಕೂಸು, ಹೊಟ್ಟೆ ಉಬ್ಕಂಡು ಉಸಿರೇ ನಿಂತಂಗಾಗಿತ್ತು. ಬಳೆಚೂರು ಕಾಯ್ಸಿ ಮೂರ್ ಬರೆ ಹಾಕ್ತಿದ್ದಂಗೇ ಕಣ್ ಬಿಟ್ಟ. ಇಲ್ದಿದ್ರೆ ಇವ್ನೆಲ್ಲಿರ್ತಿದ್ದ ಇವತ್ತು?"

ಡಾಕ್ಟರಮ್ಮ ತಲೆಯೆತ್ತದೆ ಏನೋ ಬರೆದುಕೊಳ್ಳುತ್ತಾ, "ಹಿಂಗೆಲ್ಲ ಸುಡಬಾರ್ದು ಅಮ್ಮ, ಮಗೂಗೆ ಎಷ್ಟು ತೊಂದ್ರೆ ಆಗುತ್ತೆ ಗೊತ್ತಾ?" ಎಂದು ಹೇಳಿ ಒಳಗೆ ಹೋದರು. ಅಮ್ಮ ನನ್ನ ಕಡೆ ನೋಡಿ, ಈ ಹುಡುಗಿಗೇನು ಗೊತ್ತು ಎಂಬಂತೆ ಬಾಯಿ ಸೊಟ್ಟ ಮಾಡಿದಳು. ನನಗೆ ನಗು ಬಂತು. ಬಹಳ ದಿನವಾಗಿತ್ತು ನಕ್ಕು.

ಮುಂದಿನ ವಾರ ರಿಪೋರ್ಟ್. ನಾಳೆ ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಹೋಗಬೇಕು, ಹಾಗಾಗಿ ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ
ಮೋಹನ


ಸುಂಕದಕಟ್ಟೆ
18 ಜುಲೈ 2008

ಅಕ್ಕ,

ಈ ಕಾಗದಕ್ಕಿಂತ ಮೊದಲು ಅಮ್ಮನೇ ನಿನ್ನ ಮನೆ ತಲುಪಿರುತ್ತಾಳೆ. ಇವತ್ತು ಬೆಳಿಗ್ಗೆ ಎದ್ದವಳೇ ಒಂದು ಸೀರೆ ಬ್ಯಾಗಿಗೆ ಹಾಕಿಕೊಂಡು, "ಗಂಗನ್ನ ನೋಡ್ಬೇಕು ಅನ್ನಿಸ್ತೈತೆ" ಎಂದು ಹೊರಟೇಬಿಟ್ಟಳು. ನಾನೇ ಬಸ್ ಹತ್ತಿಸಿ ಬಂದೆ. ಕಿಟಕಿಯಿಂದ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಿನ್ನೆ ಆಗಿದ್ದನ್ನು ಬರೆಯುತ್ತೇನೆ. ಶ್ಯಾಮಸುಂದರ ಡಾಕ್ಟರು ಫಿಲಂಗಳನ್ನು ದೀಪದ ಹಲಗೆಗೆ ಸಿಕ್ಕಿಸಿ ತೋರಿಸಿದರು. ನನ್ನ ಕರುಳನ್ನು ನಾನು ನೋಡಿದ್ದು ಅದೇ ಮೊದಲು. "ಬಾವು ಇರೋ ಕಡೆ ಬೆಳ್ಳಗೆ ಹೊಳೆಯುತ್ತೆ. ಇಲ್ಲಿ ಸ್ವಲ್ಪ ಹೊಳೀತಿದೆ, ಸರಿ. ಆದ್ರೆ ಕಿರಿದಾಗಿರೋ ಜಾಗ ನೋಡಿ, ಹೊಳಪೇ ಇಲ್ಲ. ಕಪ್ಪು. ಹಳೇ ಗಾಯ ಮಾಗಿ ಗಟ್ಟಿ ಕಲೆ ಆಗಿದೆ" ಎಂದರು.

ಅದುವರೆಗೆ ಮೂಲೆಯಲ್ಲಿ ಕೂತಿದ್ದ ಅಮ್ಮ ಎದ್ದು ಬಂದು, "ಎಲ್ಲಿ ಸಾರ್ ಆ ಗಾಯ?" ಎಂದಳು. ಡಾಕ್ಟರು ನನ್ನ ಅಂಗಿಯ ಮೇಲೆ ಬೆರಳಿಟ್ಟು ತೋರಿಸಿದರು. ಹೊಕ್ಕುಳ ಬಲಗಡೆ, ಸ್ವಲ್ಪ ಕೆಳಕ್ಕೆ.

"ಎಷ್ಟ್ ಹಳೇದು ಸಾರ್?"

"ಹೇಳಕ್ಕಾಗಲ್ಲಮ್ಮ. ವರ್ಷಗಟ್ಟಲೆ ಇರಬೇಕು."

ಅಮ್ಮ ಮತ್ತೆ ಹೋಗಿ ಕೂತಳು. ಡಾಕ್ಟರು ನನಗೆ, "ಇಂಜೆಕ್ಷನ್ ಕೆಲ್ಸ ಮಾಡೋ ಸಾಧ್ಯತೆ ತುಂಬಾ ಕಡ್ಮೆ. ಸ್ಕ್ಯಾನ್ ಹೇಳಿದ್ದೇ ಪೂರ್ತಿ ಸತ್ಯ ಅಂತ ನಾನು ಹೇಳಲ್ಲ, ಇದೂ ಒಂದು ಅಂದಾಜೇ. ಆದ್ರೆ ನೀವು ನನ್ನ ತಮ್ಮನಾಗಿದ್ರೆ ಆಪರೇಷನ್ ಮಾಡಿಸ್ಕೋ ಅಂತಿದ್ದೆ" ಎಂದರು. ಆಗ ಅಮ್ಮ ಅವರ ಕೈ ಹಿಡಿದುಕೊಂಡುಬಿಟ್ಟಳು. "ಇಂಜೆಕ್ಷನ್ನೇ ಕೊಡಿ ಸಾರ್. ಆ ಜಾಗಕ್ಕೆ ಇನ್ನೊಂದ್ ಗಾಯ ಬ್ಯಾಡ. ನಿಮ್ ದಮ್ಮಯ್ಯ" ಎಂದು ಅಳು. ಹೊರಗೆ ಕೂತಿದ್ದವರೆಲ್ಲ ಬಾಗಿಲಲ್ಲಿ ಇಣುಕಿದರು.

ಇಂಜೆಕ್ಷನ್ ಎಂದು ಒಪ್ಪಿಬಂದೆ. ಅಮ್ಮನಿಗಾಗಿ ಎಂದು ನೀನು ಅಂದುಕೊಳ್ಳಬೇಡ. ಅಮ್ಮ ಅತ್ತದ್ದು ನನಗೊಂದು ನೆಪವಾಯಿತು, ಅಷ್ಟೆ. ಮೊದಲ ಸಲದ್ದು ಬರುವ ಸೋಮವಾರ.

ಅಮ್ಮನನ್ನು ನೋಡಿಕೋ. ಯಾಕೆ ಹೀಗಾದಳೋ ತಿಳಿಯುತ್ತಿಲ್ಲ.

ನಿನ್ನ
ಮೋಹನ


ಚಳ್ಳಕೆರೆ
8 ಆಗಸ್ಟ್ 2008

ಮೋಹನನಿಗೆ ಆಶೀರ್ವಾದಗಳು.

ತಡವಾಗಿ ಬರೆಯುತ್ತಿದ್ದೇನೆ. ಅಮ್ಮನ ವಿಷಯ ತಿಳಿದ ಮೇಲೆ ಬರೆಯೋಣ ಎಂದು ಕಾದೆ. ತಿಳಿಯಿತು. ಈ ಕಾಗದವನ್ನು ಡ್ಯೂಟಿಗೆ ಹೋಗುವ ಮುಂಚೆ ಓದಬೇಡ, ಬಂದ ಮೇಲೆ ಓದು.

ಬಂದಾಗಿನಿಂದ ಅಮ್ಮ ಅಮ್ಮನಾಗಿರಲಿಲ್ಲ. ನನ್ನ ಅಡುಗೆಗೆ ಹೆಸರಿಡಲಿಲ್ಲ. ಗಂಜಿ ಕೊಟ್ಟರೆ ಕುಡಿದಳು, ಇಲ್ಲದಿದ್ದರೆ ಇಲ್ಲ. ನೀರೊಲೆಗೆ ಸೌದೆ ಹಾಕು ಎಂದರೆ ಬೆಂಕಿಯ ಹತ್ತಿರ ಹೋಗುತ್ತಿರಲಿಲ್ಲ, ಎದ್ದು ಆಚೆ ಹೋಗಿಬಿಡುತ್ತಿದ್ದಳು. ನಿನ್ನ ಭಾವ, "ಅತ್ತೆಗೆ ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ನನ್ನನ್ನೇ ಗುಮಾನಿಯಿಂದ ನೋಡಿದರು.

ಮೊನ್ನೆ ನಲ್ಲಿಯ ಹತ್ತಿರ ಪಾತ್ರೆ ಉಜ್ಜುತ್ತಿದ್ದೆ. ಅಮ್ಮ ಪಕ್ಕದಲ್ಲಿ ಬಂದು ಕೂತು ಏನೋ ಕೇಳಿದಳು. ಕೇಳಿಸಲಿಲ್ಲ. ಇನ್ನೊಂದು ಸಲ ಕೇಳಿದಳು, ಆಗಲೂ ಕೇಳಿಸಲಿಲ್ಲ. ನನ್ನ ಹಾಳು ಕಿವಿಗೆ ಗುಟ್ಟು ಹೇಳಲು ಆಗುತ್ತದೆಯೇ? ಕೊನೆಗೆ ಕೂಗಿಯೇ ಬಿಟ್ಟಳು.

"ಚರ್ಮ ಸುಟ್ಟಿದ್ದು ಕರುಳಿನ್ ಗಂಟ ಹೋಗ್ತದಾ ಅಂತ ಕೇಳ್ದೆ ಕಣೇ!"

ನೀರು ಹಿಡಿಯಲು ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ನನಗೆ ಆಗ ಎಲ್ಲ ಅರ್ಥವಾಯಿತು.

ಡಾಕ್ಟರು ನಿನ್ನ ಅಂಗಿಯ ಮೇಲೆ ಬೆರಳಿಟ್ಟರಲ್ಲ, ಅದು ಸರಿಯಾಗಿ ಬಲಗಡೆಯ ಬರೆ ಇರುವ ಜಾಗವಂತೆ. ಹಳೇ ಗಾಯ ಎಂದರಂತೆ, ವರ್ಷಗಟ್ಟಲೆ ಹಿಂದಿನದು ಎಂದರಂತೆ. ಅದಕ್ಕೆ ಮೊದಲು ಆ ಡಾಕ್ಟರಮ್ಮ ಬೇರೆ ಸುಡಬಾರದಾಗಿತ್ತು ಎಂದಿದ್ದರು. ಎಲ್ಲ ಸೇರಿಸಿ ಅಮ್ಮ ಲೆಕ್ಕ ಹಾಕಿಬಿಟ್ಟಿದ್ದಾಳೆ. ಫಿಲಂನಲ್ಲಿ ಕಪ್ಪಗೆ ಕಂಡದ್ದು ಅವಳು ಹಾಕಿಸಿದ ಬರೆಯೇ. ಒಳಗೆ ಇಳಿದು, ಇಷ್ಟು ವರ್ಷ ಒಳಗೊಳಗೇ ಕೂತು, ನಿನ್ನ ಕರುಳು ಮುಚ್ಚುತ್ತಿದೆ.

ಬರೆ ಹಾಕಿದ ದಿನ ನನಗೆ ಚೆನ್ನಾಗಿ ನೆನಪಿದೆ. ನನಗಾಗ ಎಂಟು ವರ್ಷ. ಬ್ಯಾಡರಹಳ್ಳಿಯ ಹಳೇ ಮನೆಯ ನಡುಮನೆಯಲ್ಲಿ ಪಕ್ಕದ ಮನೆಯ ಬೈರಯ್ಯನ ತಾಯಿ ಬಳೆಚೂರು ಕಾಯಿಸಿ ಇಟ್ಟಳು. ನೀನು ಒದೆಯದ ಹಾಗೆ ಅಮ್ಮ ನಿನ್ನ ಎರಡೂ ಕಾಲು ಹಿಡಿದುಕೊಂಡಿದ್ದಳು. ಆಮೇಲೆ ನೀನು ನಿದ್ದೆ ಹೋದೆ. ಊರೆಲ್ಲ ಅಕ್ಕಯ್ಯಮ್ಮ ಮಗನನ್ನು ಉಳಿಸಿಕೊಂಡಳು ಎಂದರು. ಅವತ್ತಿನಿಂದ ಅವಳು ಹೆಮ್ಮೆಯಿಂದ ಹೇಳಿಕೊಂಡು ಬಂದದ್ದು ಅದೊಂದೇ ಕಥೆ. ಅದನ್ನೂ ಆ ಸ್ಕ್ಯಾನು ಕಿತ್ತುಕೊಂಡಿತು.

ಹಾಗೇನೂ ಇಲ್ಲಮ್ಮ ಎಂದೆ. ಅಂಗನವಾಡಿಯವಳ ಮಾತು ಅವಳಿಗೆ ಎಲ್ಲಿ ನಾಟುತ್ತದೆ. ನೀನು ಡಾಕ್ಟರನ್ನು ಕೇಳಿ ಬರಿ. ಬೇಗ ಬರಿ.

ನಿನ್ನ ಅಕ್ಕ
ಗಂಗರತ್ನ


ಸುಂಕದಕಟ್ಟೆ
19 ಆಗಸ್ಟ್ 2008

ಅಕ್ಕ,

ನಿನ್ನ ಕಾಗದ ಓದಿ ಮೊದಲು ನಕ್ಕುಬಿಟ್ಟೆ. ರಮ್ಯ ಯಾಕೆ ಎಂದು ಕೇಳಿದಳು. ಕಾಗದವನ್ನೇ ಅವಳ ಕೈಗೆ ಕೊಟ್ಟೆ. ಅವತ್ತು ಡಾಕ್ಟರ ಕೈ ಹಿಡಿದು ಅಮ್ಮ ಅತ್ತದ್ದು ಯಾವುದಕ್ಕೆ ಎಂದು ಈಗ ತಿಳಿಯಿತು. ಪಕ್ಕದಲ್ಲೇ ನಿಂತಿದ್ದವನಿಗೆ ತಿಳಿಯಲಿಲ್ಲ, ಕಿವಿ ಕೇಳಿಸದ ನಿನಗೆ ತಿಳಿಯಿತು.

ಎರಡನೇ ಇಂಜೆಕ್ಷನ್ನಿಗೆ ಹೋದಾಗಲೇ ಶ್ಯಾಮಸುಂದರ ಡಾಕ್ಟರನ್ನು ಕೇಳಬಹುದಿತ್ತು, ನಿನ್ನ ಕಾಗದ ಬಂದಿರಲಿಲ್ಲ. ಇದಕ್ಕೆಂದೇ ನಿನ್ನೆ ಹೋಗಿದ್ದೆ. ಕೆಳಗೆ ಬರೆದದ್ದನ್ನು ಅಮ್ಮನಿಗೆ ಗಟ್ಟಿಯಾಗಿ ಓದು. ನೀನು ಯಾವಾಗಲೂ ಗಟ್ಟಿಯಾಗಿಯೇ ಓದುತ್ತೀಯ, ಇರಲಿ.

ಅಮ್ಮಾ, ನಾನು ಮೋಹನ. ಡಾಕ್ಟರನ್ನ ಕೇಳ್ದೆ. ಚರ್ಮದ್ ಮೇಲೆ ಹಾಕಿದ್ ಬರೆ ಚರ್ಮದಲ್ಲೇ ನಿಲ್ಲುತ್ತಂತೆ. ಈ ಕಾಯಿಲೆ ಕರುಳಿನ ಒಳಗಡೆಯಿಂದ ಬರೋದಂತೆ. ಬರೆ ಹಾಕಿಸ್ಕೊಳ್ದೇ ಇರೋರಿಗೂ ಬರುತ್ತೆ, ಫಾರಿನ್‌ನೋರಿಗೇ ಜಾಸ್ತಿಯಂತೆ. ಅವ್ರಿಗೆಲ್ಲ ಯಾರು ಬಳೆಚೂರು ಕಾಯ್ಸಿದ್ರು ಹೇಳು? ನಿನ್ನಿಂದ ಏನೂ ಆಗಿಲ್ಲ. ವಾಪಸ್ ಬಾ. ರಮ್ಯ ಮಾಡೋ ಮುದ್ದೆ ಗಂಟು ಗಂಟು.

ಓದುವುದು ಇಲ್ಲಿಗೆ ಸಾಕು. ಇನ್ನು ಇದು ನಿನಗೆ. ಇಂಜೆಕ್ಷನ್ ಆದ ಮೊದಲ ವಾರ ಹಗುರವಾಗಿತ್ತು. ಹಿಡಿಯಿತು, ಸ್ಕ್ಯಾನೇ ಸುಳ್ಳು ಎಂದು ಚಿಕ್ಕಹನುಮಯ್ಯನಿಗೆ ಕಾಫಿ ಕೊಡಿಸಿದೆ. ಎರಡನೆಯದರ ಹೊತ್ತಿಗೆ ಮತ್ತೆ ಮೊದಲಿನ ಹಾಗೆ. ಮೂರನೆಯದು ಸೆಪ್ಟೆಂಬರ್ ಮೊದಲ ವಾರ. ನೋಡೋಣ.

ನಿನ್ನ
ಮೋಹನ


ಚಳ್ಳಕೆರೆ
6 ಸೆಪ್ಟೆಂಬರ್ 2008

ಮೋಹನನಿಗೆ ಆಶೀರ್ವಾದಗಳು.

ಓದಿದೆ. ಎರಡು ಸಲ ಓದಿದೆ. ಅಮ್ಮ ಕೊನೆಯವರೆಗೆ ಕೇಳಿ, "ನನ್ ಸಮಾಧಾನಕ್ಕೆ ಬರ್ದವ್ನೆ" ಎಂದು ಎದ್ದು ಹೋದಳು. ತಪ್ಪು ನಿನ್ನದೇ. ಚಿಕ್ಕವನಿದ್ದಾಗಿನಿಂದ ಅವಳ ಮನಸ್ಸು ನೋಯದಿರಲಿ ಎಂದು ಒಂದಲ್ಲ ಒಂದು ಸುಳ್ಳು ಹೇಳಿಕೊಂಡೇ ಬಂದೆ. ಈಗ ನಿಜ ಹೇಳಿದರೆ ಅದಕ್ಕೂ ಅದೇ ಬೆಲೆ.

ಮುದ್ದೆಯ ಮಾತಿಗೆ ಮಾತ್ರ ಸ್ವಲ್ಪ ಮುಖ ಅರಳಿತು. ಆದರೆ ಬರುವುದಿಲ್ಲವಂತೆ. ನಿನ್ನ ಹೊಟ್ಟೆ ನೋಡಲು ತನಗೆ ಮುಖವಿಲ್ಲ ಎನ್ನುತ್ತಾಳೆ. ಇಂಜೆಕ್ಷನ್ ಹಿಡಿದರೆ ಸುಟ್ಟ ಗಾಯ ಕರಗಿತು ಎಂದು ಅರ್ಥ, ಆಗ ಬರುತ್ತಾಳಂತೆ. ಏನು ಹೇಳಲಿ ಇವಳಿಗೆ? ನನಗೂ ಹೇಳಿ ಹೇಳಿ ದಣಿವಾಗಿದೆ.

ಮೂರನೆಯದು ಆಯಿತೇ? ಹೇಗಿದ್ದೀಯ? ನಿಜ ಬರಿ.

ನಿನ್ನ ಅಕ್ಕ
ಗಂಗರತ್ನ


ಸುಂಕದಕಟ್ಟೆ
27 ಅಕ್ಟೋಬರ್ 2008

ಅಕ್ಕ,

ನಿನ್ನ ಸೆಪ್ಟೆಂಬರಿನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ಬರೆಯಲು ಒಳ್ಳೆಯದೇನೂ ಇರಲಿಲ್ಲ.

ಇಂಜೆಕ್ಷನ್ ಹಿಡಿಯಲಿಲ್ಲ. ಸ್ಕ್ಯಾನ್ ಜುಲೈನಲ್ಲಿ ಹೇಳಿದ್ದನ್ನೇ ನನ್ನ ಹೊಟ್ಟೆ ಈಗ ಹೇಳುತ್ತಿದೆ. ಗಟ್ಟಿ ಪದಾರ್ಥ ಯಾವುದೂ ಇಳಿಯುವುದಿಲ್ಲ, ಬರೀ ಗಂಜಿ, ಎಳನೀರು. ಖಾಕಿ ಪ್ಯಾಂಟಿನ ಬೆಲ್ಟಿಗೆ ರಮ್ಯ ಮೊಳೆಯಿಂದ ಹೊಸ ತೂತು ಹೊಡೆದು ಕೊಟ್ಟಿದ್ದಾಳೆ. ಶ್ಯಾಮಸುಂದರ ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನು ತಡ ಮಾಡ್ಬೇಡಿ" ಎಂದಷ್ಟೇ ಹೇಳಿ ಬೇರೆ ಫೈಲ್ ತೆಗೆದುಕೊಂಡರು. ದೀಪಾವಳಿ ಕಳೆಯಲಿ ಎಂದಿದ್ದೇನೆ.

ಈ ಕಾಗದ ಅಮ್ಮನಿಗೆ ಓದಬೇಡ. ಇಂಜೆಕ್ಷನ್ ಹಿಡಿಯಲಿಲ್ಲ ಎಂದರೆ ಬರೆಯೇ ಗೆದ್ದಿತು ಎಂದುಕೊಳ್ಳುತ್ತಾಳೆ. ನೋವಿನಲ್ಲಿ ನಾನು ಒಂದು ಕಡೆ, ಅವಳೊಂದು ಕಡೆ. ಒಂದೇ ಮನೆಯಲ್ಲಿದ್ದು ನರಳಿದ್ದರೂ ಇಷ್ಟು ಸುಸ್ತಾಗುತ್ತಿರಲಿಲ್ಲ.

ಮೋಹನ


ಚಳ್ಳಕೆರೆ
18 ನವೆಂಬರ್ 2008

ಮೋಹನ,

ರಮ್ಯ ನಿನ್ನ ಭಾವನಿಗೆ ಫೋನ್ ಮಾಡಿದಳು. ಬಸ್ಸಿನಲ್ಲೇ ಬಿದ್ದೆಯಂತೆ, ಚಿಕ್ಕಹನುಮಯ್ಯ ಪ್ಯಾಸೆಂಜರನ್ನೆಲ್ಲ ಇಳಿಸಿ ನೇರ ಆಸ್ಪತ್ರೆಗೆ ತಂದರಂತೆ, ಕರುಳು ಪೂರ್ತಿ ಕಟ್ಟಿಕೊಂಡಿದೆಯಂತೆ, ಮೂಗಿಗೆ ಟ್ಯೂಬ್ ಹಾಕಿದ್ದಾರಂತೆ, ಗುರುವಾರ ಆಪರೇಷನ್ನಂತೆ. ಇಷ್ಟನ್ನೂ ನಿನ್ನ ಭಾವ ನನಗೆ ಸ್ಲೇಟಿನ ಮೇಲೆ ಬರೆದು ತೋರಿಸಿದರು. ಅಮ್ಮನಿಗೆ ಬಾಯಲ್ಲೇ ಹೇಳಿದರು.

ಅವಳು ಬಂದಾಗ ತಂದಿದ್ದ ಬ್ಯಾಗನ್ನೇ ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ನಾನು ಬರಲಾಗದು, ಅತ್ತೆಯವರು ಹಾಸಿಗೆ ಹಿಡಿದಿದ್ದಾರೆ. ಈ ಚೀಟಿ ಅಮ್ಮನ ಕೈಯಲ್ಲೇ ಕೊಟ್ಟಿದ್ದೇನೆ, ನಿನ್ನ ತಾಯತ ಗಂಟು ಹಾಕಿರುವ ಸೆರಗಿನಲ್ಲೇ ಇದನ್ನೂ ಕಟ್ಟಿಕೊಂಡಿದ್ದಾಳೆ. ಎಚ್ಚರವಾದ ಮೇಲೆ ಓದು.

ಹೆದರಿಕೊಂಡಿದ್ದೇನೆ ಕಣೋ. ಬೇರೆ ಏನು ಬರೆಯಲಿ.

ಅಕ್ಕ


ಸುಂಕದಕಟ್ಟೆ
24 ನವೆಂಬರ್ 2008

ಗಂಗಾ,

ನಾನು ಹೇಳ್ತಾ ಇವ್ನಿ, ರಮ್ಯ ಬರೀತಾವ್ಳೆ. ಒಸಿ ತಿದ್ದಿ ಬರೀಲಾ ಅತ್ತೆ ಅಂದ್ಲು. ನಾನಂದಂಗೇ ಬರಿ ಅಂದೆ.

ಮೋಹ್ನ ಚೆನ್ನಾಗವ್ನೆ. ಆಸ್ಪತ್ರೇಲೇ ಅವ್ನೆ. ಚೀಲ ಹಾಕಿಲ್ಲ. ಕೆಟ್ಟಿದ್ ತೆಗ್ದು ಎಲ್ಡೂ ತುದಿ ಸೇರ್ಸಿ ಹೊಲ್ದವ್ರೆ. ನಿನ್ನೆ ಎಳನೀರು ಕೊಟ್ರು, ಹೊಟ್ಟೆಲಿ ನಿಂತ್ಕತು.

ಈಗ ನಿಂಗೆ ಹೇಳ್ಬೇಕಾದ್ ಮಾತು. ಆಪರೇಸನ್ ರೂಮಿನ್ ಬಾಗ್ಲಲ್ಲಿ ಕೂತಿದ್ವಿ, ನಾನೂ ರಮ್ಯನೂ. ಒಬ್ಳು ನರ್ಸು ಬಂದು, "ಮೋಹನ್ ಕುಮಾರ್ ಕಡೆಯೋರು ಯಾರು? ಬನ್ನಿ" ಅಂದ್ಲು. ಜೀವ ಬಾಯಿಗ್ ಬಂತು ಕಣವ್ವ. ತೆಗ್ದಿದ್ನ ಮನೆಯೋರಿಗೆ ತೋರ್ಸ್ತಾರಂತೆ, ಅದು ಅಲ್ಲಿ ಪದ್ಧತಿಯಂತೆ. ಕುಯ್ದಿರೋ ಡಾಕ್ಟ್ರು ಅಮೀನಪ್ಪ ಅಂತ, ನಮ್ ಕಡೆಯೋರಲ್ಲ, ಆ ಬಿಜಾಪುರದ್ ಕಡೆ ಮಾತು. ಅವ್ರೇ ಒಂದು ಸ್ಟೀಲ್ ತಟ್ಟೆ ಹಿಡ್ಕಂಡು ಬಂದ್ರು. ರಮ್ಯ ಗ್ವಾಡೆ ಕಡೆ ತಿರುಗ್ಬುಟ್ಲು. (ಹೌದು ಅತ್ತಿಗೆ, ನನಗೆ ನೋಡಲಾಗಲಿಲ್ಲ. ರಮ್ಯ.) ನಾನ್ ಹೋದೆ.

ಆವತ್ತಿಂದ ನಾನು ಕಣ್ಮುಚ್ಚುದ್ರೆ ಕಾಣ್ತಿದ್ದಿದ್ದು ಅದೇ ತಾನೇ. ಹೆಂಗಾದ್ರೂ ಆಗ್ಲಿ ನೋಡೇಬುಡನ ಅಂತ ಹೋದೆ.

ಒಂದ್ ಗೇಣುದ್ದ ಐತೆ. ಮೇಲೆಲ್ಲಾ ಹಳ್ದಿ ಕೊಬ್ಬು. ತಿರುಗ್ಸಿ ಸಾರ್ ಅಂದೆ. ತಿರುಗ್ಸುದ್ರು. ಈ ಮಗ್ಗುಲು ನೋಡ್ದೆ, ಆ ಮಗ್ಗುಲು ನೋಡ್ದೆ. ಎಲ್ಲೂ ಕರ್ರಗಿಲ್ಲ ಕಣೇ ಗಂಗಾ. ಎಲ್ಲೂ ಸುಟ್ಟಿಲ್ಲ. ಆಮೇಕೆ ಒಳಗಡೆ ಬಿಡಿಸ್ ತೋರ್ಸಿದ್ರು. ಅಲ್ಲೈತೆ ರೋಗ. ದಪ್ಪಕ್ಕೆ, ಬೆಳ್ಳಗೆ, ಕಲ್ಲಿನಂಗೆ ಗಟ್ಟಿಯಾಗಿ ಒಂದ್ ಪೆನ್ನೂ ತೂರದಂಗೆ ಮುಚ್ಕಂಡೈತೆ.

"ಸುಟ್ಟಿದ್ ಕಲೆ ಏನಾರ ಐತಾ ಸಾರ್?" ಅಂತ ಕೇಳ್ದೆ.

ಅವ್ರು ನನ್ ಮಕ ನೋಡಿದ್ರು. ಏನ್ ತಿಳ್ಕಂಡ್ರೋ. "ಸುಟ್ಟಿದ್ದು ಯಾಕ್ ಇರತೈತಿ ಯವ್ವಾ? ಇದು ಒಳಗಿಂದ ಬಂದದ್ದು. ಮ್ಯಾಲಿಂದ ಯಾರೂ ಏನೂ ಮಾಡಿಲ್ಲ. ಹೋಗ್ರಿ, ಕುಂದರ್ರಿ" ಅಂದ್ರು.

ಆವಯ್ಯಂಗೆ ನನ್ ಕತೆ ಗೊತ್ತಿಲ್ಲ. ನನ್ ಸಮಾಧಾನಕ್ಕೆ ಹೇಳಕ್ಕೆ ನಾನೇನ್ ಅವ್ರಮ್ಮ ಅಲ್ಲ. ಅದ್ಕೇ ಅರ್ಧ ನಂಬ್ದೆ. ಇನ್ನರ್ಧ ನಂಬಕ್ಕೆ ಒಸಿ ದಿನ ಬೇಕು.

ಅವತ್ತು ಆಸ್ಪತ್ರೆ ಕ್ಯಾಂಟೀನಲ್ಲಿ ಎಲ್ಡು ಇಡ್ಲಿ ತಿಂದೆ. ನಿನ್ ಇಡ್ಲಿಗಿಂತ ಮೆತ್ತಗಿದ್ವು.

ನಿಮ್ಮತ್ತೆನ ಚೆನ್ನಾಗ್ ನೋಡ್ಕೊ.

ನಿಮ್ಮವ್ವ
ಅಕ್ಕಯ್ಯಮ್ಮ


ಸುಂಕದಕಟ್ಟೆ
7 ಡಿಸೆಂಬರ್ 2008

ಅಕ್ಕನಿಗೆ ನಮಸ್ಕಾರಗಳು.

ಮನೆಗೆ ಬಂದು ಒಂದು ವಾರವಾಯಿತು. ಕೂತು ಬರೆಯಲು ಆಗುತ್ತಿರಲಿಲ್ಲ, ಮಲಗಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಅನ್ನ ತಿನ್ನುತ್ತಿದ್ದೇನೆ. ಮೆತ್ತಗೆ ಬೇಯಿಸಿದ ಅನ್ನ, ಬೇಳೆಕಟ್ಟು. ತಿಂದ ಮೇಲೆ ಅಭ್ಯಾಸಬಲದಿಂದ ನೋವಿಗಾಗಿ ಕಾಯುತ್ತೇನೆ, ಬರುವುದಿಲ್ಲ. ಚಿಕ್ಕಹನುಮಯ್ಯ ಮೂಸಂಬಿ ತಂದಿದ್ದ. ಹಾಸಿಗೆ ಪಕ್ಕ ಕೂತು, "ಏನ್ ಗುರು, ಇಂಜಿನ್ ತಣ್ಣಗಾಯ್ತಾ?" ಎಂದ. ಹೊಲಿಗೆ ಹಾಕಿದ ಹೊಟ್ಟೆಯಲ್ಲಿ ನಗುವ ಕಷ್ಟ ಆಪರೇಷನ್ ಮಾಡಿಸಿಕೊಂಡವರಿಗೇ ಗೊತ್ತು.

ಇದು ಇಲ್ಲಿಗೆ ಮುಗಿಯಲಿಲ್ಲ ಎಂದು ಶ್ಯಾಮಸುಂದರ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಹೊಲಿದ ಜಾಗದ ಹತ್ತಿರ ಕಾಯಿಲೆ ಮತ್ತೆ ಬರಬಹುದು, ಮಾತ್ರೆ ನಿಲ್ಲಿಸುವ ಹಾಗಿಲ್ಲ, ಬೇಸಿಗೆ ಕಳೆದ ಮೇಲೆ ಇನ್ನೊಂದು ಸ್ಕ್ಯಾನ್. ಮತ್ತೆ ಆ ಜಗ್ಗು, ಮತ್ತೆ ಆ ಕೊಳವೆ, ಮತ್ತೆ ಅವರ ಅಂದಾಜು. ನೆನೆದರೆ ಈಗಲೇ ಸುಸ್ತು. ಆದರೆ ಈ ಸಲ ಅದು ಏನು ಹೇಳಿದರೂ ಕೇಳುತ್ತೇನೆ. ನಾಲ್ಕು ತಿಂಗಳು ಮುಂಚೆ ಕೇಳಿದ್ದರೆ ಅಷ್ಟು ನೋವು ತಪ್ಪುತ್ತಿತ್ತು, ನನಗೂ ಅಮ್ಮನಿಗೂ.

ಅಮ್ಮ ಒಲೆ ಮುಂದೆ ನಿಂತಿದ್ದಾಳೆ. ರಮ್ಯಳ ಮುದ್ದೆಗೆ ಹೆಸರಿಡಲು ಶುರುಮಾಡಿದ್ದಾಳೆ. ಬರೆಯ ವಿಷಯವನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ನನ್ನ ಹೊಟ್ಟೆಯ ಕಡೆ ನೋಡುತ್ತಿರಲಿಲ್ಲ. ಡ್ರೆಸಿಂಗ್ ಮಾಡುವಾಗ ಏನಾದರೂ ನೆಪ ಮಾಡಿ ಆಚೆ ಹೋಗಿಬಿಡುತ್ತಿದ್ದಳು.

ಮೊನ್ನೆ ಹೊಲಿಗೆ ಬಿಚ್ಚಿಸಲು ಆಸ್ಪತ್ರೆಗೆ ಹೋಗಿದ್ದೆವು. ರಮ್ಯಳಿಗೆ ಗಾರ್ಮೆಂಟ್ಸಿನಲ್ಲಿ ರಜೆ ಸಿಗಲಿಲ್ಲ, ಅಮ್ಮನೇ ಬಂದಳು. ನನ್ನನ್ನು ಮಂಚದ ಮೇಲೆ ಮಲಗಿಸಿ ನರ್ಸ್ ಪಟ್ಟಿ ತೆಗೆದರು. ಅಮ್ಮ ಬಾಗಿಲವರೆಗೆ ಹೋದವಳು ಅಲ್ಲೇ ನಿಂತಳು. ಆಮೇಲೆ ತಿರುಗಿ ಬಂದು ನೋಡಿದಳು. ನೆಟ್ಟ ದೃಷ್ಟಿಯಿಂದ ನೋಡಿದಳು. ಗಾಯ ಹೊಕ್ಕುಳನ್ನು ಬಳಸಿಕೊಂಡು ಮೇಲಿನಿಂದ ಕೆಳಗೆ ಇಳಿದಿದೆ. ಮೂರು ಬರೆಗಳಲ್ಲಿ ಕೆಳಗಿನದು ಹೊಲಿಗೆಯೊಳಗೆ ಸೇರಿ ಕಾಣದಾಗಿದೆ. ಬಲಗಡೆಯದು ಇದ್ದ ಹಾಗೇ ಇದೆ, ಅದರ ತಂಟೆಗೆ ಯಾರೂ ಹೋಗಿಲ್ಲ.

ನರ್ಸ್ ಮೊದಲ ಹೊಲಿಗೆ ಎಳೆದಾಗ ನನ್ನ ಕಾಲು ತಾನಾಗಿಯೇ ಜಾಡಿಸಿತು. "ಅಲ್ಲಾಡ್ಬೇಡಿ ಸಾರ್" ಎಂದರು. ಅಷ್ಟರಲ್ಲಿ ಅಮ್ಮ ಮಂಚದ ಕೊನೆಗೆ ಹೋಗಿ ನನ್ನ ಎರಡೂ ಕಾಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಡಮ್ಮ, ನಾನೇನು ಕೂಸಾ?" ಎಂದೆ. ಬಿಡಲಿಲ್ಲ. ಬರೆ ಹಾಕಿದ ದಿನದ ಬಗ್ಗೆ ನೀನು ಬರೆದದ್ದು ನೆನಪಾಯಿತು. ಹೊಲಿಗೆಗಳೆಲ್ಲ ಬರುವವರೆಗೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ನರ್ಸ್ ಹೊಸ ಪಟ್ಟಿ ಅಂಟಿಸಿ ಆಚೆ ಹೋದ ಮೇಲೆ ಮೆಲ್ಲಗೆ ಕೇಳಿದಳು, "ನೋವಾಯ್ತಾ ಮಗಾ?"

ಇವತ್ತಿನದನ್ನು ಕೇಳಿದಳೋ, ಅವತ್ತಿನದನ್ನು ಕೇಳಿದಳೋ ನನಗೆ ತಿಳಿಯಲಿಲ್ಲ. ಇಲ್ಲಮ್ಮ ಎಂದೆ.

ಆಮೇಲೆ ಕಾಲು ಬಿಟ್ಟಳು.

ನಿನ್ನ ತಮ್ಮ
ಮೋಹನ